ಗ್ಯಾರೇಜ್ ಕಟ್ಟೆ: ಕೆಂಪು ದೀಪ, ಆಯಿಲ್ ಪಂಪು ಮತ್ತು ಮೊದಲ ಅರ್ಧ ನಿಮಿಷ

ಕಲಬುರಗಿಯ ಬಿಸಿಲು 42–43 ಡಿಗ್ರಿ ಮುಟ್ಟಿದೊಡನೆ ನನ್ನ ಗ್ಯಾರೇಜಿಗೆ ಬರುವ ದೂರುಗಳ ಬಗೆಯೇ ಬದಲಾಗುತ್ತದೆ. ಪತ್ರಗಳೂ ಹಾಗೆಯೇ. ಈ ಸಲ ರೇಡಿಯೇಟರಿನ ಪತ್ರಗಳಿಗಿಂತ ಎಂಜಿನ್ ಆಯಿಲಿನ ಪತ್ರಗಳೇ ಹೆಚ್ಚಾಗಿ ಬಂದಿವೆ. ಆದ್ದರಿಂದ ಈ ಕಂತನ್ನು ಪೂರ್ತಿಯಾಗಿ ಆಯಿಲ್ ಪಂಪಿಗೇ ಕೊಟ್ಟಿದ್ದೇನೆ. ಕ್ಲಚ್ ಮತ್ತು ಬ್ಯಾಟರಿಯ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಮಿಸ್ತ್ರಿಯವರಿಗೆ ನಮಸ್ಕಾರ. ನನ್ನದು ಹದಿಮೂರು ವರ್ಷ ಹಳೆಯ ಪೆಟ್ರೋಲ್ ಕಾರು. ಆಳಂದದಿಂದ ಕಲಬುರಗಿಯವರೆಗೆ ದಾರಿಯಲ್ಲಿ ಏನೂ ತೊಂದರೆ ಇಲ್ಲ. ಊರೊಳಗೆ ಬಂದು ಸೂಪರ್ ಮಾರ್ಕೆಟ್ ಹತ್ತಿರ ವಾಹನಗಳ ನಡುವೆ ಸಿಕ್ಕಿ ನಿಂತಾಗ ಕೆಂಪು ಆಯಿಲ್ ದೀಪ ಮಿಣುಕುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ. ಕಡ್ಡಿ ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆಯಲ್ಲೇ ಇದೆ. ಒಬ್ಬರು ಆಯಿಲ್ ಪಂಪು ಬದಲಿಸಲೇಬೇಕು ಎಂದರು. ಇನ್ನೊಬ್ಬರು, ದೀಪದ ಸ್ವಿಚ್ ಕೆಟ್ಟಿದೆ, ವೈರ್ ತೆಗೆದುಬಿಟ್ಟರಾಯಿತು ಎಂದರು. ಯಾರ ಮಾತು ಕೇಳಲಿ?
— ತೊಗರಿ ವ್ಯಾಪಾರಿ, ಆಳಂದ

ಉತ್ತರ: ಸಾಹುಕಾರರೇ, ವೈರ್ ತೆಗೆಯಲು ಹೇಳಿದವರ ಕೈಗೆ ಇನ್ನು ಮುಂದೆ ಕಾರು ಕೊಡಬೇಡಿ. ಮನೆಗೆ ಬೆಂಕಿ ಬಿದ್ದಾಗ ಕೂಗಿ ಎಬ್ಬಿಸುವವನ ಬಾಯಿ ಮುಚ್ಚಿದಂತೆ ಆ ಕೆಲಸ. ಪಂಪು ಬದಲಿಸಿ ಎಂದವರ ಮಾತು ಸರಿ ಇರಬಹುದು, ಇಲ್ಲದೆಯೂ ಇರಬಹುದು. ಅಳತೆ ಮಾಡದೆ ಹಾಗೆ ಹೇಳಬಾರದಿತ್ತು.

ಮೊದಲು ಆ ದೀಪದ ಅರ್ಥ ತಿಳಿದುಕೊಳ್ಳೋಣ. ಅದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪವಲ್ಲ, ಆಯಿಲಿನ ಒತ್ತಡ ಎಷ್ಟಿದೆ ಎಂದು ಹೇಳುವ ದೀಪ. ಬಹಳಷ್ಟು ಕಾರುಗಳಲ್ಲಿ ಒತ್ತಡವು ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ.ಗಿಂತಲೂ ಕೆಳಗೆ ಇಳಿದ ಮೇಲೆಯೇ ಅದು ಹತ್ತುತ್ತದೆ. ಓಡುತ್ತಿರುವ ಎಂಜಿನ್ನಿಗೆ ಮೂರು–ನಾಲ್ಕು ಕೆ.ಜಿ. ಒತ್ತಡ ಬೇಕು. ಹಾಗಾಗಿ ದೀಪ ಹತ್ತುವ ಹೊತ್ತಿಗೆ ತಡವಾಗಿಯೇ ಇರುತ್ತದೆ. ಬಾವಿಯಲ್ಲಿ ನೀರಿದೆ ಎಂದ ಮಾತ್ರಕ್ಕೆ ಹೊಲದ ಕೊನೆಯ ಸಾಲಿಗೆ ನೀರು ಮುಟ್ಟಿದೆ ಎಂದು ಹೇಳಲಾಗದು. ನಿಮ್ಮ ಕಡ್ಡಿ ಬಾವಿಯ ಮಾತು ಹೇಳುತ್ತಿದೆ, ದೀಪ ಕೊನೆಯ ಸಾಲಿನ ಮಾತು ಹೇಳುತ್ತಿದೆ.

ಇನ್ನು ಮುಖ್ಯ ವಿಷಯ. ಪಂಪು ಒತ್ತಡವನ್ನು ತಾನಾಗಿ ಹುಟ್ಟಿಸುವುದಿಲ್ಲ. ಅದು ಆಯಿಲನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಆಯಿಲಿಗೆ ಹೊರಹೋಗಲು ದಾರಿ ಕಿರಿದಾಗಿದ್ದಾಗ ಒತ್ತಡ ಹುಟ್ಟುತ್ತದೆ. ಅಂಗಳಕ್ಕೆ ನೀರು ಹೊಡೆಯುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಬೆರಳು ಸಡಿಲಿಸಿದರೆ ಕಾಲ ಬುಡದಲ್ಲೇ ಬೀಳುತ್ತದೆ. ಎಂಜಿನ್ನಿನಲ್ಲಿ ಆ ಹೆಬ್ಬೆರಳು ಎಂದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಬೇರಿಂಗುಗಳು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಪಾಲಿನಷ್ಟು. ಸವೆದು ಆ ಸಂದು ಎರಡು ಪಟ್ಟಾಯಿತೆಂದರೆ ಅದರಲ್ಲಿ ಸೋರುವ ಆಯಿಲ್ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಅಷ್ಟನ್ನು ತುಂಬಿಕೊಡಲು ಹೊಚ್ಚ ಹೊಸ ಪಂಪಿಗೂ ಆಗದು.

ಇದಕ್ಕೆ ಬಿಸಿ ಸೇರುತ್ತದೆ. 30ರ ದರ್ಜೆಯ ಆಯಿಲಿನ ಸ್ನಿಗ್ಧತೆ, ಅಂದರೆ ಗಟ್ಟಿತನ, 40 ಡಿಗ್ರಿಯಲ್ಲಿ ಅರವತ್ತು–ಎಪ್ಪತ್ತು ಸೆಂಟಿಸ್ಟೋಕ್ ಇದ್ದದ್ದು, 100 ಡಿಗ್ರಿಯಲ್ಲಿ 9.3ರಿಂದ 12.5ರ ನಡುವೆ ಬಂದು ನಿಲ್ಲುತ್ತದೆ. ಬೆಲ್ಲದ ಪಾಕ ಒಲೆಯ ಮೇಲಿದ್ದಾಗ ತೆಳ್ಳಗಿದ್ದು ಆರಿದ ಮೇಲೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆ. ಆಳಂದದಿಂದ ಓಡಿ ಬಂದ ಎಂಜಿನ್ನಿನಲ್ಲಿ ಆಯಿಲ್ ತೀರಾ ತೆಳ್ಳಗಾಗಿರುತ್ತದೆ. ನಿಂತಾಗ ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತು ತಿರುಗುತ್ತದೆ, ಪಂಪು ತಳ್ಳುವುದೂ ಕಡಿಮೆ. ಆಕ್ಸಿಲರೇಟರ್ ಒತ್ತಿದೊಡನೆ ಪಂಪು ವೇಗವಾಗಿ ತಿರುಗಿ ಹೆಚ್ಚು ಆಯಿಲ್ ಕೊಡುತ್ತದೆ, ದೀಪ ಆರುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಒತ್ತಡದ ಗೇಜ್ ಇರುವ ಗ್ಯಾರೇಜಿಗೆ ಹೋಗಿ. ದೀಪದ ಸ್ವಿಚ್ ಬಿಚ್ಚಿ ಆ ತೂತಿಗೆ ಗೇಜ್ ಕೂಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡು ಅಂಕಿ ಬರೆದುಕೊಳ್ಳಲು ಹೇಳಿ. ಒಂದು ಸುಮ್ಮನೆ ನಿಂತಾಗಿನದು, ಇನ್ನೊಂದು ಮೂರು ಸಾವಿರ ಸುತ್ತಿನದು. ನಿಂತಾಗ ಒಂದು ಕೆ.ಜಿ.ಯ ಆಸುಪಾಸು, ಮೂರು ಸಾವಿರದಲ್ಲಿ ಮೂರು ಕೆ.ಜಿ.ಗೆ ಮೇಲೆ ಇದ್ದರೆ ನನ್ನ ಮಟ್ಟಿಗೆ ಎಂಜಿನ್ ಆರೋಗ್ಯವಾಗಿದೆ, ಸ್ವಿಚ್ ಮಾತ್ರ ಬದಲಿಸಿ. ನಿಮ್ಮ ಕಾರಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ನಿಂತಾಗ ತೀರಾ ಕಡಿಮೆ, ಓಡಿಸಿದಾಗ ಸರಿ ಎಂದು ಬಂದರೆ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮತ್ತೊಮ್ಮೆ ಅಳೆಯಿರಿ. ಆಗಲೂ ಕಡಿಮೆಯೇ ಬಂದರೆ ಚೇಂಬರ್ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿಸಿ, ಪಂಪನ್ನು ಮುಟ್ಟುವ ಮೊದಲು ಎರಡು ಬೇರಿಂಗ್ ತೆಗೆಸಿ ನಿಮ್ಮ ಕಣ್ಣಿನಿಂದ ನೋಡಿ. ಬೂದು ಮೇಲ್ಮೈ ಸವೆದು ತಾಮ್ರದ ಬಣ್ಣ ಕಾಣುತ್ತಿದ್ದರೆ ಬರೀ ಪಂಪಿಗೆ ಹಣ ಸುರಿಯಬೇಡಿ.

ಒಂದು ಮಾತು ಬಾಕಿ ಇದೆ. ಮಿಣುಕುವುದು ಬೇರೆ, ಓಡುತ್ತಿರುವಾಗ ದೀಪ ಹತ್ತಿ ಹಾಗೆಯೇ ನಿಲ್ಲುವುದು ಬೇರೆ. ಹಾಗೆ ನಿಂತರೆ ಊರು ಎರಡೇ ಕಿಲೋಮೀಟರ್ ಇದೆ, ಗ್ಯಾರೇಜ್ ಎದುರಿಗೇ ಕಾಣುತ್ತಿದೆ ಎಂದು ಮುಂದೆ ಹೋಗಬೇಡಿ. ಪಕ್ಕಕ್ಕೆ ತೆಗೆದು ಕೀಲಿ ತಿರುಗಿಸಿ ಎಂಜಿನ್ ಆರಿಸಿ. ಅಲ್ಲಿಂದ ಹಗ್ಗ ಕಟ್ಟಿ ಎಳೆಸಿಕೊಂಡು ಬನ್ನಿ.

ಪ್ರಶ್ನೆ: ಕಾಕಾ, ನಾನು ಯಾದಗಿರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಪುಸ್ತಕದ ಚಿತ್ರದಲ್ಲಿ ಆಯಿಲ್ ಪಂಪೆಂದರೆ ಪಕ್ಕಪಕ್ಕ ಕೂತ ಎರಡು ಗಿಯರ್. ನಮ್ಮ ವರ್ಕ್‌ಶಾಪಿನಲ್ಲಿ ಬಿಚ್ಚಿದ ಪಂಪಿನಲ್ಲಿ ಒಂದು ಬಳೆ, ಅದರೊಳಗೆ ನಕ್ಷತ್ರದಂಥ ತುಂಡು. ಇವೆರಡೂ ಒಂದೇ ಕೆಲಸ ಮಾಡುತ್ತವೆಯೇ? ಕೆಳಗಿರುವ ಆಯಿಲ್ ಮೇಲಕ್ಕೆ ಏರುವುದು ಹೇಗೆ?
— ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಮಗಳೇ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಪುಸ್ತಕವನ್ನೂ ವಸ್ತುವನ್ನೂ ಎದುರಿಗಿಟ್ಟುಕೊಂಡು ಎರಡೂ ಯಾಕೆ ಹೊಂದುತ್ತಿಲ್ಲ ಎಂದು ಕೇಳುವವರೇ ಮುಂದೆ ಒಳ್ಳೆಯ ಮಿಸ್ತ್ರಿಗಳೂ ಎಂಜಿನಿಯರುಗಳೂ ಆಗುತ್ತಾರೆ.

ಎರಡೂ ಒಂದೇ ಕೆಲಸ ಮಾಡುತ್ತವೆ. ಎರಡು ಗಿಯರಿನ ಪಂಪಿನಲ್ಲಿ ಹಲ್ಲುಗಳ ನಡುವಿನ ಗುಳಿಗಳಲ್ಲಿ ಆಯಿಲ್ ತುಂಬಿಕೊಂಡು ಗೋಡೆಯ ಅಂಚಿನಿಂದ ಆಚೆ ಬದಿಗೆ ಹೋಗುತ್ತದೆ. ನಡುವೆ ಹಲ್ಲಿಗೆ ಹಲ್ಲು ಕೂಡಿಕೊಂಡಿರುವುದರಿಂದ ಹಿಂದಿರುಗಲು ದಾರಿ ಇಲ್ಲ. ನೀನು ನೋಡಿದ್ದು ರೋಟರ್ ಪಂಪು. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇಂಥದ್ದೇ. ಒಳಗಿನ ನಕ್ಷತ್ರದ ಹಲ್ಲುಗಳನ್ನು ಎಣಿಸು, ಹೊರಗಿನ ಬಳೆಯ ಗುಳಿಗಳನ್ನೂ ಎಣಿಸು. ಒಳಗೆ ಒಂದು ಕಡಿಮೆ ಇರುತ್ತದೆ. ಎರಡರ ನಡುಬಿಂದುವೂ ಒಂದೇ ಅಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿದೆ. ಹಾಗಾಗಿ ತಿರುಗುವಾಗ ಒಂದು ಬದಿಯಲ್ಲಿ ಇವೆರಡರ ನಡುವಿನ ಜಾಗ ಹಿಗ್ಗುತ್ತಾ ಹೋಗುತ್ತದೆ, ಇನ್ನೊಂದು ಬದಿಯಲ್ಲಿ ಕುಗ್ಗುತ್ತಾ ಹೋಗುತ್ತದೆ. ಹಿಗ್ಗುವ ಬದಿಗೆ ಆಯಿಲ್ ಬರುವ ಬಾಗಿಲು, ಕುಗ್ಗುವ ಬದಿಗೆ ಹೋಗುವ ಬಾಗಿಲು.

ಆಯಿಲ್ ಮೇಲೇರುವುದಕ್ಕೆ ಕಾರಣ ಗಾಳಿಯ ಭಾರ. ಜಾಗ ಹಿಗ್ಗಿದಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಚೇಂಬರಿನಲ್ಲಿರುವ ಆಯಿಲಿನ ಮೇಲೆ ಹೊರಗಿನ ಗಾಳಿ ಒತ್ತುತ್ತಲೇ ಇರುತ್ತದೆ, ಅದು ಆಯಿಲನ್ನು ಜಾಲರಿಯ ಮೂಲಕ ಕೊಳವೆಯೊಳಕ್ಕೆ ನೂಕುತ್ತದೆ. ಆ ಕೊಳವೆಯ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಪಂಪು ಆಯಿಲಿನ ಬದಲು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನಿಮ್ಮ ಕಡೆ ಭೀಮಾ ನದಿಯ ದಂಡೆಯಲ್ಲಿ ರೈತರು ಮೋಟಾರು ಕೂಡಿಸಿರುತ್ತಾರೆ. ಫುಟ್‌ವಾಲ್ವ್ ಸೋರಿದರೆ ಮೋಟಾರು ಎಷ್ಟು ಓಡಿದರೂ ನೀರು ಬರುವುದಿಲ್ಲ. ಇಲ್ಲಿಯೂ ಅದೇ ನಿಯಮ.

ಪಂಪು ದಾಟಿದ ಆಯಿಲ್ ಮೊದಲು ಫಿಲ್ಟರಿಗೆ, ಅಲ್ಲಿಂದ ಬ್ಲಾಕಿನಲ್ಲಿ ಕೊರೆದ ದೊಡ್ಡ ಓಣಿಗೆ, ಅಲ್ಲಿಂದ ಮೇನ್ ಬೇರಿಂಗುಗಳಿಗೆ ಹೋಗುತ್ತದೆ. ಕ್ರ್ಯಾಂಕಿನೊಳಗೇ ಓರೆಯಾಗಿ ಕೊರೆದ ತೂತುಗಳ ಮೂಲಕ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ತಲುಪುತ್ತದೆ. ಇನ್ನೊಂದು ಕವಲು ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಏರುತ್ತದೆ. ಕೆಲಸ ಮುಗಿಸಿದ ಆಯಿಲ್ ತೊಟ್ಟಿಕ್ಕುತ್ತಾ ಚೇಂಬರಿಗೆ ಮರಳುತ್ತದೆ. ಪಂಪಿನ ಮೈಯಲ್ಲೇ ಸ್ಪ್ರಿಂಗಿನ ಮೇಲೆ ಕೂತ ಚಿಕ್ಕ ಪಿಸ್ಟನ್ ಒಂದಿದೆ, ಅದನ್ನೂ ಬಿಚ್ಚಿ ನೋಡು. ಅದು ರಿಲೀಫ್ ವಾಲ್ವ್. ಒತ್ತಡ ಮಿತಿ ಮೀರಿದರೆ ಸ್ಪ್ರಿಂಗನ್ನು ದೂಡಿ ಹೆಚ್ಚಿನ ಆಯಿಲನ್ನು ಹಿಂದಕ್ಕೆ ಬಿಡುತ್ತದೆ. ಅದು ತೆರೆದ ಹಾಗೆಯೇ ಸಿಕ್ಕಿಕೊಂಡರೆ ಒತ್ತಡವೇ ಏರುವುದಿಲ್ಲ. ಮುಚ್ಚಿದ ಹಾಗೆಯೇ ಸಿಕ್ಕಿಕೊಂಡರೆ ಬೆಳಗಿನ ತಣ್ಣಗಿನ ಗಟ್ಟಿ ಆಯಿಲಿಗೆ ಫಿಲ್ಟರ್ ಊದಿಕೊಂಡು ಅದರ ವಾಷರಿನಿಂದ ಆಯಿಲ್ ಸೋರಿಬಿಡಬಹುದು.

ವರ್ಕ್‌ಶಾಪಿನಲ್ಲಿ ಹಳೆಯ ಪಂಪು ಇದ್ದರೆ ಒಂದು ಪ್ರಯೋಗ ಮಾಡು. ಒಣಗಿದ ಪಂಪಿನ ಒಳಬಾಗಿಲಿಗೆ ಬೆರಳು ಮುಚ್ಚಿ ಕೈಯಿಂದ ತಿರುಗಿಸು, ಎಳೆತ ಇದೆಯೋ ಇಲ್ಲವೋ ಎನ್ನುವಷ್ಟು ಇರುತ್ತದೆ. ಎರಡು ಚಮಚ ಆಯಿಲ್ ಒಳಗೆ ಹಾಕಿ ಮತ್ತೆ ತಿರುಗಿಸು. ಬೆರಳನ್ನು ಒಳಕ್ಕೆ ಸೆಳೆದುಕೊಳ್ಳುವ ಹಾಗಾಗುತ್ತದೆ. ರೋಟರುಗಳ ಸಂದನ್ನು ಆಯಿಲೇ ಮುಚ್ಚುತ್ತದೆ, ಅದಿಲ್ಲದೆ ಪಂಪಿಗೆ ಎಳೆಯುವ ಶಕ್ತಿ ಇಲ್ಲ. ಇದನ್ನು ಕೈಯಾರೆ ಅನುಭವಿಸಿ ತಿಳಿದುಕೊ. ಕೆಳಗಿನ ಉತ್ತರವನ್ನೂ ಓದು.

ಪ್ರಶ್ನೆ: ಅಣ್ಣಾ, ನಮ್ಮ ಮನೆಯಲ್ಲಿ ತಂದೆಯವರ ಕಾಲದ ಮಾರುತಿ 800 ಇದೆ. ಗೇಜಿನಿಂದ ಅಳೆಸಿದೆ, ಬೇರಿಂಗ್ ಚೆನ್ನಾಗಿವೆ, ಪಂಪೇ ಸವೆದಿದೆ ಎಂದು ಖಚಿತವಾಯಿತು. ಹೊಸ ಪಂಪು ತಂದಿದ್ದೇನೆ. ಪಾನಾ ಸೆಟ್, ಟಾರ್ಕ್ ರೆಂಚ್ ಎಲ್ಲ ಇವೆ. ನಾನೇ ಹಾಕಬೇಕೆಂದಿದ್ದೇನೆ. ಯಾವುದರ ಬಗ್ಗೆ ಎಚ್ಚರ ವಹಿಸಬೇಕು?
— ಓದುಗ, ಶಹಾಬಾದ್

ಉತ್ತರ: ತಮ್ಮಾ, ಮೊದಲು ನನ್ನ ಕೈಯಿಂದಲೇ ಆದ ಒಂದು ಹಾನಿಯನ್ನು ಹೇಳಿಬಿಡುತ್ತೇನೆ.

1996ರ ಡಿಸೆಂಬರ್. ದತ್ತ ಜಯಂತಿಗೆ ಗಾಣಗಾಪುರಕ್ಕೆ ಜನ ಹೋಗುವ ದಿನಗಳು. ನಾನು ಉಸ್ತಾದರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಬಾಡಿಗೆಗೆ ಓಡುವ ಒಂದು ಮಾರುತಿ ವ್ಯಾನಿಗೆ ಪಂಪು ಹಾಕುವ ಕೆಲಸ ನನಗೆ ಒಪ್ಪಿಸಿ ಉಸ್ತಾದರು ನಮಾಜಿಗೆ ಹೋಗಿದ್ದರು. ನಿನ್ನ ಕಾರಿನಲ್ಲಿ ಇರುವುದೂ ಅದೇ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. ಪಂಪನ್ನು ಪೆಟ್ಟಿಗೆಯಿಂದ ತೆಗೆದು ಒಣಗಿದ್ದ ಹಾಗೆಯೇ ಕೂಡಿಸಿದೆ. ಆಯಿಲ್ ತುಂಬಿದೆ, ಕೀಲಿ ತಿರುಗಿಸಿದೆ. ಎಂಜಿನ್ ಚಂದವಾಗಿ ಎದ್ದಿತು, ದೀಪ ಮಾತ್ರ ಆರಲಿಲ್ಲ. ಇನ್ನೇನು ಆರುತ್ತದೆ ಎಂದು ಕಾದೆ, ಬೇಗ ಆರಲಿ ಎಂದು ಆಕ್ಸಿಲರೇಟರ್ ಕೂಡ ಒತ್ತಿದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಉಸ್ತಾದರು ಬಾಗಿಲಿನಿಂದಲೇ ಓಡಿ ಬಂದು ಕೀಲಿ ತಿರುಗಿಸಿದರು. ಬೇರಿಂಗುಗಳು ಕೆತ್ತಿ ಹೋಗಿದ್ದವು. ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳಿಸಬೇಕಾಯಿತು. ಅದು ಮರಳಿ ಬರುವಷ್ಟರಲ್ಲಿ ಜಾತ್ರೆ ಮುಗಿದಿತ್ತು, ಆ ಚಾಲಕನ ವರ್ಷದ ಒಳ್ಳೆಯ ದುಡಿಮೆಯೂ ಅದರೊಂದಿಗೇ ಹೋಗಿತ್ತು. ಉಸ್ತಾದರು ನನ್ನನ್ನು ಬೈಯಲಿಲ್ಲ. ಆ ಬೇರಿಂಗಿನ ಒಂದು ಹೋಳನ್ನು ನನ್ನ ಅಂಗೈಯಲ್ಲಿಟ್ಟರು. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಹೊಸ ಹುಡುಗ ಕೆಲಸಕ್ಕೆ ಸೇರಿದಾಗ ಮೊದಲು ತೋರಿಸುವುದು ಅದನ್ನೇ.

ಈಗ ನಿನ್ನ ಕೆಲಸಕ್ಕೆ ಬರೋಣ. ಈ ಎಂಜಿನ್ನಿನಲ್ಲಿ ಪಂಪು ಟೈಮಿಂಗ್ ಬೆಲ್ಟಿನ ಬದಿಯಲ್ಲಿ, ಕ್ರ್ಯಾಂಕಿನ ಮೂತಿಯ ಮೇಲೆಯೇ ಕೂತಿದೆ. ಬ್ಯಾಟರಿಯ ಋಣ ತಂತಿ ತೆಗೆ, ಆಯಿಲ್ ಇಳಿಸು, ಬೆಲ್ಟ್ ತೆಗೆಯುವ ಮೊದಲು ಟೈಮಿಂಗಿನ ಗುರುತುಗಳನ್ನು ಕೂಡಿಸಿ ಬಣ್ಣ ಹಚ್ಚಿಕೊ. ಪುಲ್ಲಿ, ಬೆಲ್ಟ್, ಕ್ರ್ಯಾಂಕಿನ ಹಲ್ಲುಚಕ್ರ, ಆಮೇಲೆ ಚೇಂಬರ್, ಜಾಲರಿಯ ಕೊಳವೆ, ಕೊನೆಗೆ ಪಂಪು. ಬೋಲ್ಟುಗಳ ಉದ್ದ ಒಂದೇ ಸಮ ಇರುವುದಿಲ್ಲ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ತೂತಿನದು ಯಾವುದೋ ಅಲ್ಲಿಯೇ ಚುಚ್ಚಿಡು. ಬಿಚ್ಚುವ ಕೆಲಸದ ಬಗ್ಗೆ ಇಷ್ಟು ಸಾಕು, ಕೈ ಇರುವವನಿಗೆ ಅದು ಬರುತ್ತದೆ.

ನಿಮ್ಮೂರಿನ ವಿಷಯ ಬೇರೆ ಇದೆ. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಉಜ್ಜುವ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಬಯಲಿನಲ್ಲಿ ಈ ಕೆಲಸ ಮಾಡಬೇಡ. ಗಾಳಿ ಇಲ್ಲದ ಕೋಣೆಯಲ್ಲಿ ಮಾಡು, ಊಟಕ್ಕೆ ಎದ್ದರೂ ಎಂಜಿನ್ನಿನ ಬಾಯಿ ಮುಚ್ಚಿ ಏಳು. ಒರೆಸಲು ಕಾಟನ್ ವೇಸ್ಟ್ ಬೇಡ, ಅದರ ಎಳೆಗಳು ಒಳಗುಳಿದು ಜಾಲರಿಗೆ ಸುತ್ತಿಕೊಳ್ಳುತ್ತವೆ. ತೊಳೆದ ಹಳೆಯ ಧೋತರದ ಬಟ್ಟೆ ಒಳ್ಳೆಯದು.

ಹೊಸ ಪಂಪೆಂದು ಕಣ್ಣು ಮುಚ್ಚಿ ನಂಬಬೇಡ. ಹಿಂಬದಿಯ ತಗಡು ಬಿಚ್ಚಿ ರೋಟರುಗಳನ್ನು ನೋಡು. ಸೀದಾ ಪಟ್ಟಿಯೊಂದನ್ನು ಅಡ್ಡ ಇಟ್ಟು, ಪಟ್ಟಿಗೂ ರೋಟರಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸು. 0.15 ಮಿಲಿಮೀಟರಿನ ಎಲೆ ಸಲೀಸಾಗಿ ಹೋದರೆ ಆ ಪಂಪನ್ನು ಅಂಗಡಿಗೆ ಹಿಂದಿರುಗಿಸು. ಹೊರ ರೋಟರಿಗೂ ಮೈಗೂ ನಡುವೆ 0.31ರ ಎಲೆ ಹೋಗಬಾರದು. ರಿಲೀಫ್ ವಾಲ್ವಿನ ಪಿಸ್ಟನ್ ಬೆರಳಿನಿಂದ ಒತ್ತಿದರೆ ಒಳಹೋಗಿ ತಾನೇ ಮರಳಬೇಕು. ರೋಟರಿನ ಮೇಲೆ ಚುಕ್ಕಿ ಗುರುತಿದ್ದರೆ, ತೆಗೆದಾಗ ಯಾವ ಬದಿಗಿತ್ತೋ ಅದೇ ಬದಿಗೆ ಇರಲಿ. ತಗಡಿನ ತಿರುಪುಗಳನ್ನು ಬಿಗಿ ಮಾಡಿದ ಮೇಲೆ ಒಳ ರೋಟರನ್ನು ಕೈಯಿಂದ ತಿರುಗಿಸು, ಎಲ್ಲಿಯೂ ಹಿಡಿಯಬಾರದು.

ಇನ್ನು ಆಯಿಲ್ ಹಾಕುವ ಕೆಲಸ. ಎಂಜಿನ್ನಿಗೆ ಹಾಕಲಿರುವ ಅದೇ ಆಯಿಲನ್ನು ಪಂಪಿನ ಬಾಯಿಗೆ ಸುರಿದು, ರೋಟರ್ ತಿರುಗಿಸುತ್ತಾ ಇನ್ನೊಂದು ಬಾಯಿಂದ ಹೊರಬರುವವರೆಗೆ ತುಂಬಿಸು. ಕೆಲವರು ವ್ಯಾಸಲೀನ್ ತುಂಬುತ್ತಾರೆ, ಅದು ಬಿಸಿಗೆ ಕರಗಿ ಆಯಿಲಿನಲ್ಲಿ ಬೆರೆಯುವುದರಿಂದ ತಪ್ಪಿಲ್ಲ. ಗ್ರೀಸ್ ಮಾತ್ರ ಬೇಡ. ಅದು ಸುಲಭವಾಗಿ ಕರಗದೆ ಸಣ್ಣ ದಾರಿಗಳನ್ನು ಕಟ್ಟಿಬಿಡುತ್ತದೆ. ಹೊಲದ ಮೋಟಾರು ಏರದಿದ್ದಾಗ ನಿಮ್ಮ ಅಜ್ಜ ಒಂದು ಕೊಡ ನೀರು ಸುರಿದು ಶುರು ಮಾಡುತ್ತಿದ್ದರಲ್ಲವೇ, ಅದೇ ಕೆಲಸ ಇದು.

ಕೂಡಿಸುವಾಗ ಹೊಸ ಪ್ಯಾಕಿಂಗ್, ಜಾಲರಿಯ ಕೊಳವೆಯ ಕೂಡಿಕೆಗೆ ಹೊಸ ಓ-ರಿಂಗ್ (ರಬ್ಬರ್ ಬಳೆ), ಹೊಸ ಆಯಿಲ್ ಸೀಲ್ ಬಳಸು. ಸೀಲಿನ ತುಟಿಗೆ ಆಯಿಲ್ ಹಚ್ಚು. ಕ್ರ್ಯಾಂಕಿನ ಮೂತಿಯ ಅಂಚು ಚೂಪಾಗಿರುತ್ತದೆ, ಸೀಲನ್ನು ಅದರ ಮೇಲೆ ದಾಟಿಸುವಾಗ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಜಾರಿಸು, ಆಮೇಲೆ ಹಾಳೆ ತೆಗೆ. ಒಳ ರೋಟರ್ ಕ್ರ್ಯಾಂಕಿಗೆ ಹೊಂದಿಕೊಂಡರೆ ಪಂಪು ಕೈಯ ಒತ್ತಿಗೇ ಬ್ಲಾಕಿಗೆ ಅಂಟಿ ಕೂರುತ್ತದೆ. ಕೂರದಿದ್ದರೆ ಹೊಂದಿಕೆ ತಪ್ಪಿದೆ ಎಂದು ಅರ್ಥ. ಆಗ ಸುತ್ತಿಗೆ ಎತ್ತಬೇಡ, ಬೋಲ್ಟ್ ಬಿಗಿ ಮಾಡಿ ಎಳೆಯಲೂ ಬೇಡ. ಹೊರತೆಗೆದು ರೋಟರನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡು. ಬೋಲ್ಟುಗಳು ಆರು ಮಿಲಿಮೀಟರಿನವು, 11 ನ್ಯೂಟನ್-ಮೀಟರ್ ಸಾಕು. ಪಂಪಿನ ಮೈ ಅಲ್ಯುಮಿನಿಯಂ, ತೋಳಿನ ಬಲ ತೋರಿಸಿದರೆ ಸೀಳುತ್ತದೆ. ಚೇಂಬರಿಗೆ ಸಿಲಿಕಾನ್ ಹಚ್ಚುವಾಗ ತೆಳ್ಳಗಿನ ಒಂದೇ ಗೆರೆ. ಹೆಚ್ಚು ಹಚ್ಚಿದರೆ ಅದು ಒಳಕ್ಕೂ ಉಬ್ಬುತ್ತದೆ, ಮುಂದೊಂದು ದಿನ ಹರಿದು ಬಿದ್ದು ಜಾಲರಿಯ ಬಾಯಿಗೆ ಹೋಗುತ್ತದೆ. ಎಷ್ಟೋ ಚೇಂಬರುಗಳ ತಳದಲ್ಲಿ ಅಂಥ ಎಳೆಗಳನ್ನು ಹೆಕ್ಕಿದ್ದೇನೆ. ಹೊಸ ಫಿಲ್ಟರಿನಲ್ಲೂ ಹಿಡಿಸುವಷ್ಟು ಆಯಿಲ್ ತುಂಬಿ ಕೂಡಿಸು.

ಎಲ್ಲ ಮುಗಿಯಿತು, ಇನ್ನು ಕೀಲಿ. ಇಲ್ಲಿ ಅವಸರ ಬೇಡ. ಸ್ಪಾರ್ಕ್ ಪ್ಲಗ್ ಮೂರನ್ನೂ ಬಿಚ್ಚು, ಇಗ್ನಿಷನ್ ಕಾಯಿಲಿನ ಸಂಪರ್ಕ ತೆಗೆ, ಇಂಜೆಕ್ಷನ್ ಕಾರಾದರೆ ಪೆಟ್ರೋಲ್ ಪಂಪಿನ ಫ್ಯೂಸನ್ನೂ ತೆಗೆ. ಪ್ಲಗ್ ಇಲ್ಲದ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಹತ್ತು ಸೆಕೆಂಡ್ ಸೆಲ್ಫ್ ಹೊಡೆ, ಅರ್ಧ ನಿಮಿಷ ಬಿಡು, ಮತ್ತೆ ಹತ್ತು ಸೆಕೆಂಡ್. ಎರಡು–ಮೂರು ಸಲಕ್ಕೆ ದೀಪ ಆರಬೇಕು. ಆರಿದ ಮೇಲೆ ಮಾತ್ರ ಪ್ಲಗ್ ಹಾಕಿ ಎಂಜಿನ್ ಎಬ್ಬಿಸು. ಆರದಿದ್ದರೆ ಎಂಜಿನ್ ಎಬ್ಬಿಸಲೇಬೇಡ. ದೀಪದ ಸ್ವಿಚ್ ಬಿಚ್ಚಿ ಆ ತೂತಿನಿಂದ ಎಣ್ಣೆಗಿಂಡಿಯಲ್ಲಿ ಆಯಿಲ್ ಹಾಕಿ ಇನ್ನೊಮ್ಮೆ ಪ್ರಯತ್ನಿಸು. ಆಗಲೂ ಆಗದಿದ್ದರೆ ಓ-ರಿಂಗ್ ಸರಿಯಾಗಿ ಕೂತಿಲ್ಲ ಎಂದು ತಿಳಿದು ಚೇಂಬರ್ ಇಳಿಸು. ಬೇಸರವಾಗುತ್ತದೆ, ಗೊತ್ತು. ಆದರೆ ಇಳಿಸು.

ಪ್ರಶ್ನೆ: ಒತ್ತಡ ಕಡಿಮೆ ಇದ್ದರೆ ಗಟ್ಟಿ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಬೀದರ್

ಉತ್ತರ: ಗೇಜಿನ ಮುಳ್ಳು ಮೇಲೇರುವುದು ನಿಜ, ರೋಗ ಹೋಗುವುದಿಲ್ಲ. ಕೈಪಿಡಿಯಲ್ಲಿ ನಮ್ಮ ಬಿಸಿಲಿಗೆ ಒಂದು ದರ್ಜೆ ಮೇಲಿನ ಆಯಿಲಿಗೆ ಅವಕಾಶ ಇದ್ದರೆ ಹಾಕಿಸಿ, ತಪ್ಪಿಲ್ಲ. ಅದನ್ನೂ ಮೀರಿ ಗಟ್ಟಿಯಾದದ್ದನ್ನು ಸುರಿದರೆ ಚಳಿಗಾಲದ ಬೆಳಗಿನಲ್ಲಿ ಆಯಿಲ್ ಕ್ಯಾಮ್‌ಶಾಫ್ಟನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಡಿಸೆಂಬರಿನಲ್ಲಿ ಬೀದರ್ ಕೋಟೆಯ ಮೇಲಿನ ಗಾಳಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ಚಳಿಯಲ್ಲಿ ಎಂಜಿನ್ ಎದ್ದ ಮೊದಲ ಕೆಲವು ಸೆಕೆಂಡುಗಳಲ್ಲೇ ಸವೆತ ಹೆಚ್ಚು.

ಪ್ರಶ್ನೆ: ಹೊಲದ ದಾರಿಯಲ್ಲಿ ಕಲ್ಲು ಬಡಿದು ಚೇಂಬರ್ ಒಳಕ್ಕೆ ತಗ್ಗಾಗಿದೆ. ಆಯಿಲ್ ಒಂದು ಹನಿಯೂ ಸೋರುತ್ತಿಲ್ಲ. ಆದರೆ ಎಂಬತ್ತು ಕಿಲೋಮೀಟರ್ ವೇಗ ದಾಟಿದರೆ ಕೆಂಪು ದೀಪ ಹತ್ತುತ್ತದೆ, ನಿಧಾನ ಮಾಡಿದರೆ ಆರುತ್ತದೆ.
— ರೈತರು, ಸುರಪುರ

ಉತ್ತರ: ಗೌಡರೇ, ಈ ಪುಟ ಓದಿದ ಮೇಲೆ ಆ ಕಾರನ್ನು ಎಬ್ಬಿಸಬೇಡಿ. ಆಳಂದದವರ ದೀಪ ನಿಂತಾಗ ಹತ್ತುತ್ತದೆ, ನಿಮ್ಮದು ಓಡಿದಾಗ. ಇದು ಪಂಪಿನ ತಪ್ಪಲ್ಲ. ತಗ್ಗಾದ ತಗಡು ಜಾಲರಿಯ ಬಾಯಿಗೆ ಅಡ್ಡ ಬಂದಿದೆ. ನಿಧಾನವಾಗಿ ಎಳೆದಾಗ ಆಯಿಲ್ ಸಾಲುತ್ತದೆ, ಜೋರಾಗಿ ಎಳೆದಾಗ ಸಾಲುತ್ತಿಲ್ಲ.

ಚೇಂಬರ್ ಇಳಿಸಿ ಒಳಗಿನಿಂದ ಮರದ ಕೊಡತಿಯಲ್ಲಿ ತಟ್ಟಿ ತಗ್ಗು ತೆಗೆಸಿ. ತಗಡು ಸೀಳಿದ್ದರೆ ಹೊಸದೇ ಹಾಕಿಸಿ. ಜಾಲರಿಗೂ ಪೆಟ್ಟು ಬಿದ್ದಿದೆಯೇ, ಅದರ ಕೊಳವೆ ಬಾಗಿದೆಯೇ ನೋಡಿಸಿ. ಮುಚ್ಚುವ ಮೊದಲು ಅಳತೆ ಹೀಗೆ ಮಾಡಿ: ಮನೆಯಿಂದ ಚಪಾತಿಯ ಕಣಕದ ಒಂದು ಉಂಡೆ ತಂದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಜಾಲರಿಯ ಬಾಯಿಗೆ ಅಂಟಿಸಿ. ಚೇಂಬರನ್ನು ಸಿಲಿಕಾನ್ ಇಲ್ಲದೆ ಎತ್ತಿ ಹಿಡಿದು ನಾಲ್ಕು ಬೋಲ್ಟ್ ಹಾಕಿ, ಮತ್ತೆ ಇಳಿಸಿ. ಕಣಕ ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆಯೋ ಜಾಲರಿಗೂ ತಳಕ್ಕೂ ಅಷ್ಟೇ ಅಂತರ. ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಇನ್ನೊಮ್ಮೆ ತಟ್ಟಿಸಿ. ಸರಿ ಬಂದರೆ ಹಾಳೆಯನ್ನೂ ಕಣಕವನ್ನೂ ಚೂರೂ ಉಳಿಯದಂತೆ ತೆಗೆದು, ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಚೇಂಬರ್ ಮುಚ್ಚಿಸಿ.